ಹಸಿರು ದೀಪ ಯಾರ ಪಾಲಿಗೆ?



ಬೆಂಗಳೂರಿನ ಸಿಗ್ನಲ್ ದೀಪಗಳಿಗೆ ಈಗ ಬುದ್ಧಿ ಬಂದಿದೆ ಎನ್ನುತ್ತಾರೆ. 2024ರಿಂದ ನಗರದ ಹಲವು ಕೂಡುರಸ್ತೆಗಳಲ್ಲಿ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ‘ಕೋಸಿಕೋಸ್ಟ್’ ಎಂಬ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ಮೊದಲು ದೀಪಗಳು ಗಡಿಯಾರದ ಲೆಕ್ಕದಲ್ಲಿ ಬದಲಾಗುತ್ತಿದ್ದವು. ಅಡ್ಡರಸ್ತೆ ಖಾಲಿಯಿದ್ದರೂ ನಾವು ಕೆಂಪು ದೀಪದ ಮುಂದೆ ಸುಮ್ಮನೆ ಕೂರಬೇಕಿತ್ತು. ಈಗ ಕ್ಯಾಮೆರಾ ವಾಹನಗಳನ್ನು ಗಮನಿಸುತ್ತದೆ, ಗಣಕಯಂತ್ರ ಲೆಕ್ಕ ಹಾಕುತ್ತದೆ, ದಟ್ಟಣೆಯಿರುವ ಕಡೆಗೆ ಹೆಚ್ಚು ಹೊತ್ತು ಹಸಿರು ಸಿಗುತ್ತದೆ.

ಇದು ಒಳ್ಳೆಯದೇ. ಯಂತ್ರವೆಂದ ಕೂಡಲೇ ಮೂಗು ಮುರಿಯುವವನು ನಾನಲ್ಲ. ತಂದೆ ಅರ್ಧ ಗಂಟೆ ಮೊದಲು ಮನೆ ಸೇರಿದರೆ ಮಕ್ಕಳೊಡನೆ ಸಂಜೆಯ ಜಪಸರಕ್ಕೆ ಕೂರಬಹುದು. ಹೊಗೆ ಕಡಿಮೆಯಾದರೆ ವೃತ್ತದಲ್ಲಿ ನಿಂತ ಪೊಲೀಸಿನವರ ಎದೆಗೂ ಹಿತ.

ಆದರೆ ಒಂದು ನಿಮಿಷಕ್ಕಿರುವುದು ಅರವತ್ತೇ ಸೆಕೆಂಡು. ಒಂದು ಕಡೆಗೆ ಕೊಟ್ಟ ಹಸಿರು ಇನ್ನೊಂದು ಕಡೆಯವರಿಂದ ತೆಗೆದದ್ದೇ. ಎಲ್ಲರಿಗೂ ಸೇರಿದ್ದನ್ನು ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಸಂತ ಥಾಮಸ್ ಅಕ್ವಿನಾಸರು ಹಂಚಿಕೆಯ ನ್ಯಾಯದ ಅಡಿಯಲ್ಲಿ ಚರ್ಚಿಸಿದರು. ಅಂದಮೇಲೆ ಸಿಗ್ನಲ್ ಕಂಬವೂ ನ್ಯಾಯ ಹಂಚುವ ಜಾಗವೇ.

ಹಾಗಾದರೆ ಯಂತ್ರ ಎಣಿಸಬೇಕಾದದ್ದು ಏನನ್ನು? ವಾಹನಗಳನ್ನಷ್ಟೇ ಎಣಿಸಿದರೆ, ಅರವತ್ತು ಜನ ಜೋತಾಡುತ್ತಿರುವ ಬಸ್ಸೂ ಒಂದು, ಒಬ್ಬರೇ ಕುಳಿತ ಕಾರೂ ಒಂದು. ತರಕಾರಿ ಚೀಲ ಹಿಡಿದು ರಸ್ತೆ ದಾಟಲು ಕಾದು ನಿಂತ ಅಜ್ಜಿಯಂತೂ ಲೆಕ್ಕಕ್ಕೇ ಇಲ್ಲ. ಆಕೆಯನ್ನೂ ನೋಡು ಎಂದು ಯಾರಾದರೂ ಹೇಳಿಕೊಟ್ಟಿದ್ದರೆ ಮಾತ್ರ ಯಂತ್ರ ನೋಡುತ್ತದೆ. ಆಂಬುಲೆನ್ಸ್ ಬಂದಾಗ ನಾವು ಏನು ಮಾಡುತ್ತೇವೆ, ಯೋಚಿಸಿ. ಒಂದು ಜೀವಕ್ಕಾಗಿ ನೂರು ವಾಹನ ನಿಂತರೂ ಯಾರೂ ಅದನ್ನು ಅನ್ಯಾಯವೆನ್ನುವುದಿಲ್ಲ. ತೊಂಬತ್ತೊಂಬತ್ತನ್ನು ಬಿಟ್ಟು ಒಂದು ಕುರಿಯನ್ನು ಹುಡುಕಿ ಹೊರಟ ಕುರುಬನ ಲೆಕ್ಕ ನಮಗೆ ಅಷ್ಟರಮಟ್ಟಿಗಾದರೂ ಅರ್ಥವಾಗಿದೆ.

2025ರ ಜನವರಿಯಲ್ಲಿ ರೋಮ್ ಪ್ರಕಟಿಸಿದ ‘ಆಂತಿಕ್ವಾ ಎತ್ ನೋವಾ’ ದಾಖಲೆ ಕೃತಕ ಬುದ್ಧಿಮತ್ತೆಯನ್ನು ಮನುಷ್ಯ ಬುದ್ಧಿಯ ಸೃಷ್ಟಿಯೆಂದೇ ಗುರುತಿಸುತ್ತದೆ. ನೈತಿಕ ಹೊಣೆಯನ್ನು ಮನುಷ್ಯನ ಹೆಗಲ ಮೇಲೇ ಇಡುತ್ತದೆ. ‘ಕಂಪ್ಯೂಟರ್ ಹೀಗೆ ಮಾಡಿತು’ ಎಂದು ಕೈತೊಳೆದುಕೊಳ್ಳುವುದು ಪಿಲಾತನ ಹಳೆಯ ಉಪಾಯ. ಅಜ್ಜಿಗೆ ರಸ್ತೆ ದಾಟಲು ಎಷ್ಟು ಸೆಕೆಂಡು ಬೇಕು ಎಂಬುದನ್ನು ನಗರದ ಅಧಿಕಾರಿಗಳು ತೀರ್ಮಾನಿಸಬೇಕು, ನಾಗರಿಕರಾದ ನಾವು ಅವರನ್ನು ಕೇಳಬೇಕು.

ಲೂಕನ ಶುಭಸಂದೇಶದ ಜೆರಿಕೋ ರಸ್ತೆಯನ್ನು ನೆನೆಯಿರಿ. ಅಲ್ಲಿ ವಾಹನ ದಟ್ಟಣೆಯಿರಲಿಲ್ಲ, ಕೆಂಪು ದೀಪವೂ ಇರಲಿಲ್ಲ. ಯಾಜಕ ಸರಾಗವಾಗಿ ಹೋದ, ಲೇವಿಯನೂ ಸರಾಗವಾಗಿ ಹೋದ. (ಯಾಜಕನಾದ ನನಗೆ ಈ ಸಾಮತಿ ಯಾವಾಗಲೂ ಸ್ವಲ್ಪ ಚುಚ್ಚುತ್ತದೆ.) ಪಯಣ ತಡವಾದದ್ದು ಸಮಾರಿಯದವನೊಬ್ಬನಿಗೆ. ಇನ್ನೊಬ್ಬನಿಗೆ ತನ್ನ ಸವಾರಿ ಪ್ರಾಣಿಯನ್ನೂ ಬಿಟ್ಟುಕೊಟ್ಟ.

ಇನ್ನು ನಮ್ಮ ದೇವಾಲಯಗಳ ಮುಂದಿನ ರಸ್ತೆಯ ವಿಷಯ. ಭಾನುವಾರ ಬಲಿಪೂಜೆಗೆ ತಡವಾಯಿತೆಂದು ಕಾಲುದಾರಿಯ ಮೇಲೇ ಕಾರು ಹತ್ತಿಸಿ ಒಳಗೆ ಓಡುವವರು ನಮ್ಮಲ್ಲೇ ಇದ್ದಾರೆ. ಗಾಲಿಕುರ್ಚಿಯಲ್ಲಿ ಬಂದವರು ಆಗ ರಸ್ತೆಗೇ ಇಳಿಯಬೇಕಾಗುತ್ತದೆ. ಇದನ್ನು ಸರಿಪಡಿಸಲು ಕ್ಯಾಮೆರಾ ಬರುವವರೆಗೂ ಕಾಯಬೇಕೆ?