ರೋಗಿಯ ಹೊಟ್ಟೆ, ರೋಗಿಯ ಕರ್ಮ

ಕಾಲು ಮುರಿದುಕೊಂಡವನನ್ನು ಅವನ ಸ್ವಭಾವದ ವಿಷಯವಾಗಿ ಯಾರೂ ವಿಚಾರಿಸುವುದಿಲ್ಲ. ಹೊಟ್ಟೆ ಹಿಡಿದುಕೊಂಡು ಕುಳಿತವನನ್ನಾದರೋ, ಮನೆಯವರು ಮೊದಲ್ಗೊಂಡು ವೈದ್ಯರವರೆಗೆ ಎಲ್ಲರೂ ಕೇಳುವ ಮೊದಲ ಮಾತು 'ಏನು ತಿಂದೆ?' ಎಂಬುದು, ಎರಡನೆಯದು 'ಏನು ಯೋಚನೆ ಹಚ್ಚಿಕೊಂಡಿದ್ದೀಯೆ?' ಎಂಬುದು. ಎರಡೂ ಅನೇಕ ವೇಳೆ ಅವಶ್ಯವಾಗಿ ಕೇಳತಕ್ಕ ಪ್ರಶ್ನೆಗಳೇ. ಆದರೆ ನಾಲಗೆಯನ್ನಾಗಲಿ ಮನಸ್ಸನ್ನಾಗಲಿ ಅಂಕೆಯಲ್ಲಿಡಲಾರದವನಿಗೆ ಬಂದದ್ದು ಬರಬೇಕಾದದ್ದೇ ಎಂಬ ತೀರ್ಪು ಆ ಪ್ರಶ್ನೆಗಳೊಳಗೆ, ಉತ್ತರ ಬರುವುದಕ್ಕೆ ಮುಂಚೆಯೇ, ಅಡಗಿರುತ್ತದೆ. ಅನ್ನವು ನಾವಾಗಿಯೇ ಒಳಗೆ ಬಿಟ್ಟುಕೊಂಡ ವಸ್ತುವಾದುದರಿಂದ ಅದರ ವಿಕಾರಕ್ಕೆ ನಾವೇ ಹೊಣೆಯೆಂಬ ಭಾವನೆ ಸಹಜವೆಂದು ತೋರಬಹುದು. ಚರಕಸಂಹಿತೆಯು ರೋಗಕಾರಣಗಳಲ್ಲಿ ಪ್ರಜ್ಞಾಪರಾಧವನ್ನು, ಎಂದರೆ ಧೀ ಧೃತಿ ಸ್ಮೃತಿಗಳ ಭ್ರಂಶದಿಂದ ಮನುಷ್ಯನೆಸಗುವ ತಪ್ಪನ್ನು, ಎಣಿಸಿದೆ. ಆದರೆ ಅಪರಾಧವು ರೋಗಿಯ ಪ್ರಜ್ಞೆಯದಾಗಿರದೆ ರೋಗವನ್ನು ನೋಡುವವರ ಪ್ರಜ್ಞೆಯದೇ ಆಗಿದ್ದರೆ? ಈ ಸಂದೇಹವನ್ನು ಬಲವಾಗಿ ಎಬ್ಬಿಸುವ ಚರಿತ್ರೆಯೊಂದು ಇಪ್ಪತ್ತನೆಯ ಶತಮಾನದ ವೈದ್ಯಪ್ರಪಂಚದಲ್ಲಿ ನಡೆದುಹೋಗಿದೆ. ಅದು ಜಠರದ ಹುಣ್ಣಿನ ಚರಿತ್ರೆ.

ಆಮ್ಲವಿಲ್ಲದೆಡೆ ಹುಣ್ಣಿಲ್ಲವೆಂದು 1910ರಲ್ಲಿ ಶ್ವಾರ್ಟ್ಸ್ ಎಂಬ ಶಸ್ತ್ರವೈದ್ಯನು ಸಾರಿದನು. ಅಲ್ಲಿಂದ ಮುಂದೆ ಚಿಕಿತ್ಸೆಯೆಲ್ಲವೂ ಆಮ್ಲದ ಮೇಲಿನ ದಂಡಯಾತ್ರೆಯಾಯಿತು. ಶಿಕಾಗೋ ನಗರದ ಸಿಪ್ಪಿ ಎಂಬ ವೈದ್ಯನು 1915ರಲ್ಲಿ ಗಂಟೆಗೊಮ್ಮೆ ಹಾಲು ಕೆನೆಗಳನ್ನೂ ನಡುನಡುವೆ ಕ್ಷಾರಚೂರ್ಣಗಳನ್ನೂ ಕೊಡುವ ಪಥ್ಯವನ್ನು ರೂಢಿಗೆ ತಂದನು. ಅದರಿಂದ ಗುಣವಾಗದವರ ಜಠರದ ಒಂದು ಭಾಗವನ್ನೇ ಕೊಯ್ದು ತೆಗೆಯುತ್ತಿದ್ದರು. ಜಠರಕ್ಕೆ ಪ್ರಚೋದನೆಯನ್ನೊಯ್ಯುವ ವೇಗಸ್ ನರವನ್ನು ಕತ್ತರಿಸುವ ಕ್ರಮವೂ ಬಂದಿತು. ಆಮ್ಲವು ಏಕೆ ಹೆಚ್ಚುವುದೆಂಬ ಪ್ರಶ್ನೆಗೆ ಮನಶ್ಶಾಸ್ತ್ರವು ಉತ್ತರ ಕೊಡಲು ಮುಂದಾಯಿತು. ಫ್ರಾಂಜ್ ಅಲೆಕ್ಸಾಂಡರ್ ಎಂಬ ಮನೋವಿಶ್ಲೇಷಕನು ಮನಸ್ಸಿನಿಂದ ಹುಟ್ಟುವ ರೋಗಗಳೆಂದು ಗುರುತಿಸಿದ ಏಳರಲ್ಲಿ ಎರಡು, ಜಠರದ ಹುಣ್ಣು ಮತ್ತು ದೊಡ್ಡ ಕರುಳಿನ ಹುಣ್ಣು, ಅನ್ನಮಾರ್ಗಕ್ಕೆ ಸೇರಿದವು. ಜಠರದಲ್ಲಿ ಹುಣ್ಣಾದವನು ಹೊರಗೆ ಸ್ವಾವಲಂಬಿಯಂತೆ ಸೆಣಸುತ್ತಿದ್ದರೂ ಒಳಗೆ ತಾಯಿಯ ಆರೈಕೆಗಾಗಿ ಹಂಬಲಿಸುವ ಶಿಶುವೆಂದೂ, ಒಪ್ಪಿಕೊಳ್ಳಲು ನಾಚುವ ಆ ಹಂಬಲವೇ ಜಠರವನ್ನು ಸದಾ ಊಟಕ್ಕೆ ಸಿದ್ಧವಾಗಿರುವಂತೆ ಮಾಡಿ ಆಮ್ಲವನ್ನು ಸುರಿಸುವುದೆಂದೂ ಅವನ ವಿವರಣೆ. ಹೀಗೆ, ಹೊಟ್ಟೆಯುರಿಯಿಂದ ನಿದ್ದೆಗೆಟ್ಟ ಲಕ್ಷಾಂತರ ಜನರಿಗೆ ಅವರ ರೋಗದೊಡನೆ ಅವರ ಚಾರಿತ್ರ್ಯದ ದೋಷಪಟ್ಟಿಯೊಂದೂ ದೊರೆಯಿತು.

ನಿಜವಾದ ಕಾರಣವು ಕಣ್ಣಿಗೆ ಬೀಳದೆ ಇದ್ದುದಲ್ಲ. ಇಟಲಿಯ ಬಿಜ್ಜೊಜೆರೊ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ನಾಯಿಗಳ ಜಠರದಲ್ಲಿ ಸುರುಳಿಯಾಕಾರದ ಸೂಕ್ಷ್ಮಜೀವಿಗಳನ್ನು ಕಂಡಿದ್ದನು. ಆದರೆ 1954ರಲ್ಲಿ ಪಾಮರ್ ಎಂಬಾತನು ಸಾವಿರಕ್ಕೂ ಮೀರಿದ ಜಠರದ ತುಣುಕುಗಳನ್ನು ಪರೀಕ್ಷಿಸಿ ಅವುಗಳಲ್ಲಿ ಅಂತಹ ಜೀವಿಗಳಿಲ್ಲವೆಂದು ಬರೆದ ಮೇಲೆ, ಆಮ್ಲದ ಮಡುವಿನಲ್ಲಿ ಯಾವ ಜೀವಿಯೂ ಬಾಳದೆಂಬುದು ಸಿದ್ಧಾಂತವಾಗಿ ನಿಂತಿತು. ಗ್ರೀಸ್ ದೇಶದ ಮಿಸ್ಸೊಲೊಂಗಿ ಎಂಬ ಊರಿನ ವೈದ್ಯ ಲಿಕೌಡಿಸ್ 1958ರಿಂದ ತನ್ನ ರೋಗಿಗಳಿಗೆ ಸೂಕ್ಷ್ಮಜೀವಿನಾಶಕ ಔಷಧಗಳನ್ನೇ ಕೊಟ್ಟು ಗುಣಪಡಿಸುತ್ತಿದ್ದನು. ಅವನ ಲೇಖನವನ್ನು ಪತ್ರಿಕೆಗಳು ಪ್ರಕಟಿಸಲಿಲ್ಲ, ಅಧಿಕಾರಿಗಳು ಅವನಿಗೆ ದಂಡ ವಿಧಿಸಿದರು, 1980ರಲ್ಲಿ ಅವನು ತೀರಿಕೊಂಡನು. ತಪ್ಪಾಗಿ ಚಿಕಿತ್ಸೆ ಮಾಡುವ ವೈದ್ಯನಿಗೆ ಮನುಸ್ಮೃತಿಯು ದಂಡವನ್ನು ಹೇಳಿದೆಯಷ್ಟೆ; ಸರಿಯಾಗಿ ಮಾಡಿದವನಿಗೆ ದಂಡವಾದಾಗ ಏನೆಂಬುದನ್ನು ಯಾವ ಸ್ಮೃತಿಯಲ್ಲಿ ಹುಡುಕಬೇಕು?

ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಎಂಬ ರೋಗಶಾಸ್ತ್ರಜ್ಞನು 1979ರಲ್ಲಿ ಉರಿಯೂತಗೊಂಡ ಜಠರದ ತುಣುಕುಗಳಲ್ಲಿ ಅಂತಹವೇ ಸುರುಳಿಜೀವಿಗಳನ್ನು ಕಂಡನು. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯನು ಅವನೊಡನೆ ಕೂಡಿಕೊಂಡನು. ಅವುಗಳನ್ನು ಬೆಳೆಸುವ ಪ್ರಯತ್ನಗಳು ಒಂದಾದ ಮೇಲೊಂದು ವಿಫಲವಾಗುತ್ತಿರಲು, 1982ರ ಈಸ್ಟರ್ ಹಬ್ಬದ ರಜೆಯ ದೆಸೆಯಿಂದ ಎರಡು ದಿನಕ್ಕೆ ಎಸೆಯಬೇಕಾಗಿದ್ದ ತಟ್ಟೆಗಳು ಐದು ದಿನ ಉಳಿದುಕೊಂಡುವು. ಆ ಮಂದಗತಿಯ ಜೀವಿಗೆ ಬೇಕಾಗಿದ್ದುದು ಆ ಕಾಲಾವಕಾಶವೇ. ಯಾರೂ ನಂಬದಿರಲು ಮಾರ್ಷಲ್ 1984ರಲ್ಲಿ ಆ ಜೀವಿಗಳ ದ್ರವವನ್ನು ತಾನೇ ಕುಡಿದು ಜಠರದ ಉರಿಯೂತವನ್ನು ಬರಮಾಡಿಕೊಂಡನು. ಹುಣ್ಣುಳ್ಳವರಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಈ ಜೀವಿ ಕಂಡುಬಂದರೆ ಅದನ್ನು ಔಷಧದಿಂದ ನಿರ್ಮೂಲ ಮಾಡಬೇಕೆಂದು ಅಮೆರಿಕದ ತಜ್ಞಸಭೆಯೊಂದು ಒಪ್ಪುವ ವೇಳೆಗೆ 1994 ಆಗಿದ್ದಿತು. ಇಬ್ಬರಿಗೂ ನೊಬೆಲ್ ಪ್ರಶಸ್ತಿ ದೊರೆತದ್ದು 2005ರಲ್ಲಿ.

ಈ ಪ್ರಮಾದದ ಸ್ವರೂಪವನ್ನು ನಮ್ಮ ನೈಯಾಯಿಕರು ಕಂಡಿದ್ದರೆ ಒಡನೆಯೇ ಗುರುತಿಸುತ್ತಿದ್ದರೆಂದು ನನಗೆ ತೋರುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸದ್ವ್ಯಾಪ್ತಿ, ಎಂದರೆ ಎಂದೂ ತಪ್ಪದ ಸಂಬಂಧ. ಬೆಂಕಿಯಿದ್ದಲ್ಲಿ ಹೊಗೆಯುಂಟೆಂಬುದು ಅಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಬೆಂಕಿಯೊಡನೆ ಹಸಿ ಸೌದೆಯೂ ಕೂಡಬೇಕು. ಆ ಹಸಿ ಸೌದೆಯ ಸಂಯೋಗವನ್ನು ಅವರು ಉಪಾಧಿಯೆಂದರು. ಹುಣ್ಣಿದ್ದಲ್ಲಿ ಆಮ್ಲವಿದೆಯೆಂಬ ಶ್ವಾರ್ಟ್ಸನ ವಚನವು ಮೊದಲನೆಯ ವರ್ಗದ್ದು, ಬಹುಮಟ್ಟಿಗೆ ನಿರ್ದುಷ್ಟವಾದದ್ದು. ವೈದ್ಯಲೋಕವು ಅದನ್ನು ಮಗುಚಿ, ಆಮ್ಲವೇ ಹುಣ್ಣನ್ನುಂಟುಮಾಡುವುದೆಂದು ಓದಿಕೊಂಡಿತು. ಮಗುಚಿದ ವಾಕ್ಯದಲ್ಲಿ ಕಾಣದೆ ಹೋದ ಹಸಿ ಸೌದೆಯ ಸ್ಥಾನದಲ್ಲಿ ರೋಗಿಯ ಮನಸ್ಸನ್ನು ತಂದಿರಿಸಿತು. ಜಠರಾಗ್ನಿಯು ಎಲ್ಲ ದೇಹಗಳಲ್ಲಿಯೂ ಉರಿಯುತ್ತಿರಲು ಹುಣ್ಣು ಕೆಲವರಿಗೆ ಮಾತ್ರ ಆಗುವುದೇಕೆಂಬ ಪ್ರಶ್ನೆ ಯೋಗ್ಯವಾದುದೇ ಆಗಿದ್ದಿತು. ಉತ್ತರ ತಿಳಿಯದ ಎಡೆಯಲ್ಲಿ 'ತಿಳಿಯದು' ಎಂದು ಬರೆಯದೆ 'ಇವನ ದೋಷ' ಎಂದು ಬರೆದದ್ದೇ ಅನ್ಯಾಯ.

ಹಾಗೆಂದು ಹೊಸ ಸಿದ್ಧಾಂತವನ್ನು ಹಳೆಯದರ ಪೀಠದ ಮೇಲೆ ಕೂರಿಸುವುದೂ ತರವಲ್ಲ. ಜಗತ್ತಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಜಠರದಲ್ಲಿ ಈ ಜೀವಿಯಿದ್ದಿತೆಂದು ಅಂದಾಜು. ನಮ್ಮ ದೇಶದಲ್ಲಿ ಅನೇಕರಿಗೆ ಬಾಲ್ಯದಲ್ಲಿಯೇ ಅಂಟುವುದು. ಆದರೂ ಬಹುಜನಕ್ಕೆ ಹುಣ್ಣಾಗುವುದೇ ಇಲ್ಲ. ಇನ್ನು ಕೆಲವರಿಗೆ ಜೀವಿಯಿಲ್ಲದೆಯೂ ನೋವಿನ ಮಾತ್ರೆಗಳಿಂದಲೇ ಹುಣ್ಣಾಗುತ್ತದೆ. 1995ರಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪವಾದ ಮೇಲೆ ರಕ್ತಸ್ರಾವದ ಹುಣ್ಣುಗಳು ಹೆಚ್ಚಾದುವು. ಆದುದರಿಂದ ಮನಃಕ್ಲೇಶಕ್ಕೆ ಪಾತ್ರವೇ ಇಲ್ಲವೆನ್ನಲಾಗದು. ಆದರೆ ಸಹಕಾರಿಕಾರಣ ಬೇರೆ, ಅಪರಾಧ ಬೇರೆ. ಭೂಕಂಪದಲ್ಲಿ ಮನೆ ಕಳೆದುಕೊಂಡ ಮುದುಕಿಯ ಕ್ಲೇಶವನ್ನು ಅವಳ ಚಾರಿತ್ರ್ಯದೋಷವೆನ್ನಲು ಯಾರ ನಾಲಗೆಯೂ ಏಳದು.

ಇಲ್ಲಿಗೆ ಕರ್ಮದ ಪ್ರಶ್ನೆ ತಾನಾಗಿ ಬಂದು ನಿಲ್ಲುತ್ತದೆ. ಯಾವ ಪಾಪಕ್ಕೆ ಯಾವ ವ್ಯಾಧಿಯೆಂದು ಹೇಳುವ ಕರ್ಮವಿಪಾಕ ಗ್ರಂಥಗಳು ನಮ್ಮಲ್ಲಿ ಉಂಟು. ಅವುಗಳ ಬರಹಗಾರರು ಜನರನ್ನು ಸನ್ಮಾರ್ಗಕ್ಕೆ ತರಬೇಕೆಂದೇ ಬರೆದಿರಬಹುದು. ಆದರೆ ಕರ್ಮಸಿದ್ಧಾಂತವನ್ನು ಮನುಷ್ಯನು ತನ್ನ ನಡತೆಯನ್ನು ತಿದ್ದಿಕೊಳ್ಳುವುದಕ್ಕೆ ಉಪಯೋಗಿಸಿದಾಗ ಅದು ಧರ್ಮ. ಅದೇ ಸಿದ್ಧಾಂತವನ್ನು ನೆರೆಯವನ ನೋವಿಗೆ ಟೀಕೆ ಬರೆಯುವುದಕ್ಕೆ ಬಳಸಿದಾಗ ಅದು ಹಿಂಸೆ. ಕರ್ಮವನ್ನು ಒಪ್ಪಿದವರಲ್ಲಿ ಅಗ್ರಗಣ್ಯನಾದ ಬುದ್ಧನನ್ನು ಸೀವಕನೆಂಬ ಪರಿವ್ರಾಜಕನು, ಮನುಷ್ಯನು ಅನುಭವಿಸುವ ಸುಖದುಃಖಗಳೆಲ್ಲ ಪೂರ್ವಕರ್ಮದ ಫಲವೇ ಎಂದು ಕೇಳಿದಾಗ, ಬುದ್ಧನು ಅದನ್ನು ಒಪ್ಪಲಿಲ್ಲ. ಪಿತ್ತದಿಂದ, ಕಫದಿಂದ, ವಾತದಿಂದ, ಋತುವ್ಯತ್ಯಾಸದಿಂದ ಹುಟ್ಟುವ ವೇದನೆಗಳೂ ಉಂಟೆಂದನು. ವೇದನೆಗೆ ಅದರದೇ ಆದ ಕಾರಣವುಂಟು, ಅದನ್ನು ಹುಡುಕಬೇಕು, ನೈತಿಕ ವಿವರಣೆಯಿಂದ ಆ ಹುಡುಕಾಟವನ್ನು ಮುಚ್ಚಬಾರದೆಂಬ ಅರ್ಥವನ್ನು ನಾನು ಅದರಲ್ಲಿ ಕಾಣುತ್ತೇನೆ.

ಹುಡುಕಾಟ ಮುಚ್ಚಿದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾದುದಿಲ್ಲ. ನಮ್ಮ ಊರುಗಳಲ್ಲಿ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರಿನಡಿ ಪಿತ್ತಕೋಶದ ಕಲ್ಲು, ಕರುಳಿನ ಅರ್ಬುದ, ಹೃದಯಾಘಾತ ಎಲ್ಲವೂ ಅಡಗುತ್ತವೆ. ಹೃದಯದ ಕೆಳಭಾಗಕ್ಕೆ ರಕ್ತ ಹರಿಯುವುದು ನಿಂತಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳಬಹುದು. ಸೋಡಾ ಕುಡಿಸಿ ಮಲಗಿಸಿದವನು ಬೆಳಗಾಗುವುದರೊಳಗೆ ಕೈಬಿಟ್ಟುಹೋಗುವುದುಂಟು. ಹೊತ್ತಿಗೆ ಸರಿಯಾಗಿ ಉಣ್ಣದೆ ದುಡಿಯುವ ಹೆಂಗಸಿನ ಹೊಟ್ಟೆನೋವನ್ನು 'ಮನಸ್ಸಿನದು' ಎಂದು ವರ್ಷಗಟ್ಟಲೆ ತಳ್ಳಿಹಾಕುವುದೂ ಉಂಟು.

ಬುದ್ಧನ ಕೊನೆಯ ರೋಗವೂ ಉದರದ್ದೇ. ಪಾವೆಯಲ್ಲಿ ಚುಂದನೆಂಬ ಕಮ್ಮಾರನ ಮನೆಯಲ್ಲಿ ಉಂಡ ಮೇಲೆ ಅವನಿಗೆ ರಕ್ತಭೇದಿಯಾಯಿತು. ತನ್ನ ಅನ್ನದಿಂದಲೇ ತಥಾಗತನು ಸತ್ತನೆಂದು ಚುಂದನಿಗೆ ಪಶ್ಚಾತ್ತಾಪವುಂಟಾದೀತೆಂದು ನೆನೆದು, ಆ ಊಟದಿಂದ ಅವನಿಗೆ ಪುಣ್ಯವೇ ಬಂದಿತೆಂದು ಹೇಳಿ ಅವನ ಸಂತಾಪವನ್ನು ಕಳೆಯಬೇಕೆಂದು ಬುದ್ಧನು ಶಿಷ್ಯನಾದ ಆನಂದನಿಗೆ ಅಪ್ಪಣೆ ಮಾಡಿದನು. ತನ್ನ ಅವಸಾನಕಾಲದಲ್ಲಿಯೂ, ಅನ್ಯಾಯವಾಗಿ ಹೊಣೆ ಹೊರಬಹುದಾಗಿದ್ದ ಒಬ್ಬನನ್ನು ಅವನು ಮರೆಯಲಿಲ್ಲ. 1994ಕ್ಕೆ ಮೊದಲು ಜಠರವನ್ನು ಕೊಯ್ಸಿಕೊಂಡವರು, ಹಾಲು ಕೆನೆಗಳ ಪಥ್ಯದಲ್ಲಿ ಯೌವನವನ್ನು ಕಳೆದವರು, ತಮ್ಮ ಕೋಪತಾಪಗಳಿಂದಲೇ ಹೀಗಾಯಿತೆಂದು ಮನೆಯವರ ಮುಂದೆ ತಲೆತಗ್ಗಿಸಿದವರು ಅಸಂಖ್ಯ. ಅವರಲ್ಲಿ ಇನ್ನೂ ಬದುಕಿರುವವರಿದ್ದಾರೆ. ಚುಂದನಿಗೆ ಆ ಮಾತನ್ನು ಮುಟ್ಟಿಸುವುದಕ್ಕೆ ಆನಂದನಿದ್ದನು. ಇವರಿಗೆ ಅದನ್ನು ಮುಟ್ಟಿಸುವ ಹೊಣೆ ಯಾರದೆಂಬುದನ್ನು ವೈದ್ಯರೂ ಧರ್ಮೋಪದೇಶಕರೂ ಸೇರಿ ಇನ್ನೂ ನಿರ್ಣಯಿಸಬೇಕಾಗಿದೆ.