ಧೂಪದ ಪರಿಮಳವೂ ವಾಯುದೇವರ ಅನುಗ್ರಹವೂ

ಶ್ರೀಹರಿವಾಯುಗುರುಗಳ ಪಾದಾರವಿಂದಗಳಿಗೆ ನಮಿಸಿ, ಚಾತುರ್ಮಾಸ್ಯದ ಈ ಪುಣ್ಯಕಾಲದಲ್ಲಿ ಧೂಪಸೇವೆಯನ್ನು ಕುರಿತು ಆಸ್ತಿಕ ಬಂಧುಗಳಲ್ಲಿ ಕೆಲವು ಮಾತುಗಳನ್ನು ನಿವೇದಿಸಬಯಸುತ್ತೇವೆ.

ಆಷಾಢ ಶ್ರಾವಣಗಳಲ್ಲಿ ಪುಷ್ಪಗಿರಿಯಿಂದ ಬ್ರಹ್ಮಗಿರಿಯವರೆಗೆ ಕೊಡಗಿನ ಮೇಲೆ ಮಳೆ ಹಿಡಿದು ಸುರಿಯುತ್ತದೆ. ಮಡಿಬಟ್ಟೆ ಒಣಗುವುದಿಲ್ಲ, ಗೋಡೆಗಳು ತೇವದಿಂದ ವಾಸನೆ ಹಿಡಿಯುತ್ತವೆ. ಇಂತಹ ದಿನಗಳಲ್ಲಿ ದೇವರ ಮನೆಯ ಕೆಂಡದ ಮೇಲೆ ಒಂದು ಚಿಟಿಕೆ ಧೂಪ ಬಿದ್ದರೆ ಸ್ವಲ್ಪ ಹೊತ್ತಿನಲ್ಲಿಯೇ ನಡುಮನೆಯಲ್ಲಿ ಕುಳಿತವರಿಗೂ ಪೂಜೆ ನಡೆಯುತ್ತಿರುವುದು ತಿಳಿಯುತ್ತದೆ. ಕಣ್ಣಿಗೆ ಕಾಣದೆ, ಕಾಲಿಲ್ಲದೆ, ಈ ಪರಿಮಳವು ಅಷ್ಟು ದೂರ ಬಂದುದು ಹೇಗೆ?

ಮೊದಲು ಧೂಪದ ಹುಟ್ಟನ್ನು ನೋಡೋಣ. ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಧೂಪದ ಮರದ ತೊಗಟೆಗೆ ಗಾಯವಾದಾಗ ಒಸರುವ ಅಂಟೇ ಗಟ್ಟಿಯಾಗಿ ರಾಳವಾಗುತ್ತದೆ. ಆ ಹರಳನ್ನು ಕೈಯಲ್ಲಿ ಹಿಡಿದರೆ ಪರಿಮಳ ಅತ್ಯಲ್ಪ. ಗಂಧವು ಪೃಥಿವಿಯ ವಿಶೇಷಗುಣವೆಂದು ಶಾಸ್ತ್ರಗಳು ಹೇಳುತ್ತವೆ. ಗೀತೆಯ ಏಳನೆಯ ಅಧ್ಯಾಯದಲ್ಲಿ ಪೃಥಿವಿಯ ಪುಣ್ಯಗಂಧವು ತಾನೆಂದು ಭಗವಂತನು ಅಪ್ಪಣೆ ಕೊಡಿಸಿದ್ದಾನೆ. ಗಂಧದಲ್ಲಿ ನಿಯಾಮಕನಾಗಿ ನಿಂತು ಅದಕ್ಕೆ ಆ ಗುಣವನ್ನು ಕೊಡುವವನು ಅವನೇ ಎಂಬುದು ನಮ್ಮ ಸಿದ್ಧಾಂತದ ಭಾವ. ಇದ್ದ ಗಂಧ ಪ್ರಕಟವಾಗಲು ಅಗ್ನಿಯ ಸ್ಪರ್ಶ ಬೇಕು. ಕೆಂಡದ ಕಾವಿನಿಂದ ರಾಳದೊಳಗಿನ ತೈಲಾಂಶವು ಆವಿಯಾಗಿ ಮೇಲೇಳುತ್ತದೆ. ಕಣ್ಣಿಗೆ ಕಾಣುವ ಹೊಗೆಯಾದರೋ ಬೇರೆ. ಅದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕದಾದ ಕಣಗಳ ಸಮೂಹ. ಹೊಗೆ ಕರಗಿ ಕಾಣದಾದ ಮೇಲೂ ಪರಿಮಳ ಉಳಿಯುವುದನ್ನು ನಾವೆಲ್ಲರೂ ಬಲ್ಲೆವು.

ಇನ್ನು ಹರಡುವ ಬಗೆ. ಗಂಧದ ಅಣುಗಳಿಗೆ ಸ್ವಲ್ಪ ಚಲನೆಯುಂಟು. ಆದರೆ ಗಾಳಿ ಸಂಪೂರ್ಣವಾಗಿ ನಿಶ್ಚಲವಾಗಿದ್ದರೆ ಅವು ಆ ಚಲನೆಯಿಂದಲೇ ಒಂದು ಕೋಣೆಯನ್ನು ದಾಟಲು ದಿನಗಳೇ ಬೇಕಾಗುತ್ತವೆ. ಕೆಲವೇ ನಿಮಿಷಗಳಲ್ಲಿ ದಾಟಿಸುವುದು ಗಾಳಿ. ಬಿಸಿಯಾದ ಗಾಳಿ ಮಾಡಿನವರೆಗೆ ಏರಿ, ತಣ್ಣಗಾಗಿ ಇಳಿದು, ಬಾಗಿಲ ಸಂದಿನಿಂದ ಬಂದ ಗಾಳಿಯೊಡನೆ ಬೆರೆತು ಪರಿಮಳವನ್ನು ಹೊತ್ತು ನಡೆಯುತ್ತದೆ. ವಾಯುವು ಗಂಧವನ್ನು ಒಯ್ಯುವ ದೃಷ್ಟಾಂತವನ್ನು ಗೀತೆಯ ಹದಿನೈದನೆಯ ಅಧ್ಯಾಯದಲ್ಲಿಯೂ ಕಾಣುತ್ತೇವೆ. ಮಾನಸಪೂಜೆಯಲ್ಲಿ ಪಂಚೋಪಚಾರಗಳನ್ನು ಪಂಚಭೂತಗಳೊಡನೆ ಅನುಸಂಧಾನ ಮಾಡುವಾಗ ಧೂಪವನ್ನು ವಾಯುತತ್ತ್ವಕ್ಕೆ ಸೇರಿಸಿರುವುದು ಎಷ್ಟು ಸಮಂಜಸ!

ಜೀವನಾದರೂ ಅಣುಪರಿಮಾಣನು. ಶರೀರದ ಒಂದೆಡೆ ಹಚ್ಚಿದ ಚಂದನಬಿಂದು ಸರ್ವಾಂಗಕ್ಕೂ ತಂಪೀಯುವಂತೆ, ಅಣುವಾದ ಜೀವನೂ ದೇಹವನ್ನೆಲ್ಲ ವ್ಯಾಪಿಸಬಲ್ಲನೆಂದು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ನಿರೂಪಿತವಾಗಿದೆ. ಗಂಧದ ದೃಷ್ಟಾಂತವೂ ಅದೇ ಪಾದದಲ್ಲಿದೆ. ಆದರೆ ಜೀವನು ಅಸ್ವತಂತ್ರನು. ರಾಳವು ತಾನಾಗಿ ಉರಿಯದು, ಪರಿಮಳವು ತಾನಾಗಿ ಹರಡದು. ಹಾಗೆಯೇ ನಮ್ಮಲ್ಲಿರುವ ಯತ್ಕಿಂಚಿತ್ ಭಕ್ತಿಯೂ ಜ್ಞಾನಾಗ್ನಿಯಿಂದ ಎಚ್ಚೆತ್ತು, ಜೀವೋತ್ತಮರಾದ ವಾಯುದೇವರ ಅನುಗ್ರಹದಿಂದಲೇ ಹರಿಯ ಪಾದವನ್ನು ಮುಟ್ಟಬೇಕು. 'ನಾನು ಪೂಜಿಸಿದೆ' ಎಂಬ ಅಭಿಮಾನಕ್ಕೆ ಇಲ್ಲಿ ಎಡೆಯೆಲ್ಲಿ?

ಇದನ್ನು ಇಂದಿನ ಮನೆಗಳಿಗೆ ಅನ್ವಯಿಸಿ ನೋಡಬೇಕಾಗಿದೆ. ಮಕ್ಕಳು ಓದಿಗೂ ಉದ್ಯೋಗಕ್ಕೂ ಬೆಂಗಳೂರು, ಮೈಸೂರು, ಪರದೇಶಗಳನ್ನು ಸೇರಿದ್ದಾರೆ. ರಜೆಯಲ್ಲಿ ಬಂದಾಗ ಸಂಧ್ಯಾವಂದನೆಗೆ ಕುಳಿತುಕೊಳ್ಳುವುದಿಲ್ಲ, ಏಕಾದಶಿಯನ್ನು ಕೇಳುವುದಿಲ್ಲ ಎಂದು ಹಿರಿಯರು ಕೊರಗುತ್ತಾರೆ. ಕೆಲವರು ಕೋಪದಿಂದ ಗದರಿಸುವುದೂ ಉಂಟು. ಪರಿಮಳ ಸಾಲದೆಂದು ಮುಚ್ಚಿದ ಕೋಣೆಯಲ್ಲಿ ಹಿಡಿಹಿಡಿಯಾಗಿ ಧೂಪ ಸುರಿದರೆ ಆಗುವುದೇನು? ಕಣ್ಣುರಿ, ಕೆಮ್ಮು, ಉಬ್ಬಸವಿರುವ ವೃದ್ಧರಿಗೂ ಎಳೆಯ ಕೂಸುಗಳಿಗೂ ಅಪಾಯ. ಒಂದು ಚಿಟಿಕೆ ಸಾಕು; ಕಿಟಕಿ ಸ್ವಲ್ಪ ತೆರೆದಿರಲಿ. ಉಪದೇಶಕ್ಕೂ ಇದೇ ನಿಯಮ. ಮಗನು ಪ್ರಶ್ನೆ ಕೇಳಿದರೆ ಅದು ತೆರೆದ ಕಿಟಕಿಯೆಂದು ತಿಳಿದು, ತಿಳಿದಷ್ಟನ್ನು ಸಮಾಧಾನದಿಂದ ಹೇಳೋಣ.

ಮತ್ತೊಂದು ವಿಷಯವುಂಟು. ಪರಿಮಳದ ನಡುವೆಯೇ ಕುಳಿತಿರುವವನ ಮೂಗು ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಒಗ್ಗಿ ಗುರುತಿಸದಂತಾಗುತ್ತದೆ. ಹೊರಗಿನಿಂದ ಬಂದವನಿಗೆ ಹೊಸಲಿನಲ್ಲಿಯೇ ತಿಳಿಯುತ್ತದೆ. ಈ ಮನೆಯಲ್ಲಿ ಬೆಳೆದ ಮಗುವಿಗೆ ಇಲ್ಲಿನ ಸಂಸ್ಕಾರದ ಅರಿವು ಇಂದು ಕಾಣದಿರಬಹುದು. ದೂರದ ಊರಿನಲ್ಲಿ ಎಲ್ಲಿಯೋ ಧೂಪದ ವಾಸನೆ ಸುಳಿದಾಗ ಅಜ್ಜಿಯ ದೇವರ ಮನೆ ನೆನಪಾಗಿ ಕೈ ಜೋಡಿಸಿದರೆ ಆಶ್ಚರ್ಯವಿಲ್ಲ. ಅದು ಎಂದು, ಎಲ್ಲಿ ಎಂಬುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಇಂದಿನ ಕೆಂಡವನ್ನು ಆರಗೊಡದಿರುವುದು ಮಾತ್ರ.

ಆದುದರಿಂದ ಈ ಚಾತುರ್ಮಾಸ್ಯದಲ್ಲಿ ಶಾಕ, ದಧಿ, ಕ್ಷೀರ, ದ್ವಿದಳವ್ರತಗಳ ಜೊತೆಗೆ ಒಂದು ಸಂಕಲ್ಪವಿರಲಿ. ಧೂಪವನ್ನು ಮೊದಲು ಸ್ವಾಮಿಗೆ ಅರ್ಪಿಸಿ, ಅನಂತರ ನಮಗೆ ಬಂದ ಪರಿಮಳವನ್ನು ಪ್ರಸಾದವೆಂದು ಸ್ವೀಕರಿಸೋಣ. ಅದನ್ನು ಹೊತ್ತು ತಂದ ವಾಯುದೇವರನ್ನೂ, ಅವರ ಅಂತರ್ಯಾಮಿಯಾದ ಶ್ರೀಹರಿಯನ್ನೂ ಸ್ಮರಿಸೋಣ. ಮನೆಯವರೊಡನೆ ಮೃದುವಾಗಿ ಮಾತನಾಡೋಣ. ಉಳಿದುದನ್ನು ನಡೆಸುವ ಭಾರ ಅವನದು.

॥ ಶ್ರೀಕೃಷ್ಣಾರ್ಪಣಮಸ್ತು ॥