ವಿನಾಯಿತಿ ಕೊಡಲು ಅಧಿಕಾರ ಯಾರಿಗೆ?

ಕಟ್ಟಳೆಗಳಲ್ಲಿ ಎರಡು ಬಗೆ. ಒಂದು ಕೆಲಸ ಮಾಡುವವನ ವ್ಯವಸ್ಥೆಗಾಗಿ ಹುಟ್ಟಿದ್ದು. ಇನ್ನೊಂದು ಅವನ ಕೈಗೆ ಒಪ್ಪಿಸಲ್ಪಟ್ಟ ದುರ್ಬಲನ ರಕ್ಷಣೆಗಾಗಿ ಹುಟ್ಟಿದ್ದು. ಇವನ್ನು ವಿಂಗಡಿಸದೆ ಸಡಿಲಿಸಹೊರಟರೆ ಏನಾಗಬಹುದೆಂಬುದನ್ನು ಇಂಗ್ಲೆಂಡಿನ ನಿದರ್ಶನದಿಂದ ವಿಚಾರ ಮಾಡಬಹುದು.

2000ದ ಫೆಬ್ರವರಿಯಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಿಕೆ, ಸಾಕುವೆನೆಂದು ಕರೆತಂದ ಬಂಧುವಿನಿಂದಲೇ ಹಿಂಸೆಗೊಳಗಾಗಿ ಲಂಡನ್ನಿನಲ್ಲಿ ಮಡಿದಳು. ನಾಲ್ಕು ಸ್ಥಳೀಯ ಆಡಳಿತಗಳ ಸಮಾಜಸೇವಾ ಇಲಾಖೆಗಳು, ಎರಡು ಆಸ್ಪತ್ರೆಗಳು, ಪೊಲೀಸರ ಎರಡು ತಂಡಗಳು ಆಕೆಯನ್ನು ಅರಿತಿದ್ದವು. ಅರಿತುದನ್ನು ಒಂದುಗೂಡಿಸಿ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಲಾರ್ಡ್ ಲ್ಯಾಮಿಂಗ್ ಅವರ 2003ರ ವರದಿಯ ತರುವಾಯ ಬಂದ 2004ರ ಮಕ್ಕಳ ಕಾಯ್ದೆಯು ಪರಸ್ಪರ ಸಹಕಾರವನ್ನೇ ಕರ್ತವ್ಯವನ್ನಾಗಿಸಿತು; ಸಂಸ್ಥೆಗಳು ಹಣವನ್ನು ಒಟ್ಟುಗೂಡಿಸಲು ಅವಕಾಶ ಕೊಟ್ಟಿತು.

ಕಾಲಕ್ರಮದಲ್ಲಿ ಕಟ್ಟಳೆಗಳೇ ಹೊರೆಯಾದವು. ನಮೂನೆ ತುಂಬುವುದರಲ್ಲಿಯೇ ಹೊತ್ತು ಕಳೆದುಹೋದರೆ ಮಗುವಿನೊಡನೆ ಕೂಡುವುದು ಯಾವಾಗ? 2011ರಲ್ಲಿ ಪ್ರೊಫೆಸರ್ ಐಲೀನ್ ಮನ್ರೋ ಸರ್ಕಾರಕ್ಕೆ ಒಪ್ಪಿಸಿದ ವರದಿಯೂ ಇದನ್ನೇ ಎತ್ತಿ ಹೇಳಿತು. ನ್ಯಾಯವಾದ ಮಾತು. ಆದರೆ 2016ರ ಮಸೂದೆಯೊಂದು ಇನ್ನೂ ಮುಂದೆ ಹೋಯಿತು. ಸ್ಥಳೀಯ ಆಡಳಿತವು ಹೊಸ ಪ್ರಯೋಗಕ್ಕೆಂದು ಬೇಡಿದರೆ, ಮಕ್ಕಳ ಬಗೆಗಿನ ಶಾಸನಬದ್ಧ ಕರ್ತವ್ಯಗಳಿಂದಲೇ ಮಂತ್ರಿಯು ಅದಕ್ಕೆ ಕೆಲಕಾಲ ವಿನಾಯಿತಿ ಕೊಡಬಹುದೆಂದಿತು. ಮೇಲ್ಮನೆ ಅದನ್ನು ತೆಗೆದುಹಾಕಿತು. ಸರ್ಕಾರ ಮತ್ತೆ ಸೇರಿಸಿತು. ಮೊದಲು ಬೆಂಬಲಿಸಿದ್ದ ಮನ್ರೋ ಅವರೇ, ಇದರಲ್ಲಿ ಲಾಭಕ್ಕಿಂತ ಅಪಾಯವೇ ಹೆಚ್ಚೆಂದು ಅಭಿಪ್ರಾಯ ಬದಲಿಸಿದರು. 2017ರ ಮಾರ್ಚಿನಲ್ಲಿ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು.

ವಿನಾಯಿತಿ ಬೇಡಿದವರು ದುಷ್ಟರೆಂದು ನಾವು ಹೇಳುವುದಿಲ್ಲ. ಆದರೆ ಸಾಲವನ್ನು ಮನ್ನಾ ಮಾಡುವ ಅಧಿಕಾರ ಸಾಲ ಕೊಟ್ಟವನದು, ಪಡೆದವನದಲ್ಲ. ಪಾಲನೆಯಲ್ಲಿರುವ ಮಗುವನ್ನು ನಿಗದಿತ ಅವಧಿಯೊಳಗೆ ಹೋಗಿ ನೋಡಬೇಕೆಂಬುದು ಆಡಳಿತವು ಮಗುವಿಗೆ ತೀರಿಸಬೇಕಾದ ಋಣ. ಅದನ್ನು ಬಿಟ್ಟುಕೊಡುವ ಮಾತನ್ನು ಆಡಳಿತವೂ ಮಂತ್ರಿಯೂ ಸೇರಿ ಆಡಿಕೊಂಡರೆ, ಋಣಿಯೂ ಅವನ ಹಿರಿಯಣ್ಣನೂ ಕೂಡಿ ಲೆಕ್ಕ ಚುಕ್ತಾ ಮಾಡಿಕೊಂಡಂತಾಯಿತು.

ಅಮೆರಿಕದಲ್ಲಿ 2014ರ ಕಾನೂನೊಂದು, ಶಾಲೆ ಉದ್ಯೋಗಗಳಿಂದ ದೂರವಾದ 14ರಿಂದ 24 ವಯಸ್ಸಿನವರಿಗಾಗಿ ಹಲವು ಇಲಾಖೆಗಳ ಹಣವನ್ನು ಕೂಡಿಸಲು ನಿಯಮಗಳನ್ನು ಸಡಿಲಿಸಿತು. ಆದರೆ ಅದರಿಂದ ಯಾರ ಅರ್ಹತೆಯೂ ಕುಗ್ಗಬಾರದೆಂದಿತು, ತಾರತಮ್ಯ ನಿಷೇಧದ ನಿಯಮಗಳನ್ನು ಮುಟ್ಟಗೊಡಲಿಲ್ಲ.

ಎಲ್ಲ ಕಟ್ಟಳೆಗಳೂ ಇಷ್ಟು ಸುಲಭವಾಗಿ ವಿಂಗಡವಾಗುವುದಿಲ್ಲ. ಭೇಟಿಯ ದಿನಾಂಕ ಬರೆಯುವ ಪುಸ್ತಕ ನೌಕರನಿಗೆ ಹೊರೆ. ಯಾರೂ ಬಂದು ನೋಡದ ಮಗುವಿಗೆ ಅದೊಂದೇ ಸಾಕ್ಷಿ. ಇಂಥದನ್ನು ಯಾವ ಬಗೆಗೆ ಸೇರಿಸಬೇಕು? ಅಂಥ ಪಾಲನೆಯಲ್ಲಿ ಬೆಳೆದು ದೊಡ್ಡವರಾದವರನ್ನು ಮೊದಲು ಕೇಳುವುದು ಯುಕ್ತವೆಂದು ನಮಗೆ ತೋರುತ್ತದೆ. ಆ ಮಸೂದೆಯನ್ನು ವಿರೋಧಿಸಿದವರಲ್ಲಿ ಅವರೂ ಇದ್ದರು.